ಡೆಂಗ್ಯೂ ಮೊದಲ ಸಲದ್ದಾ, ಮತ್ತೆ ಬಂದದ್ದಾ? ರಿಪೋರ್ಟಿನಲ್ಲಿ ಬರೆಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಆರೋಗ್ಯ ಇಲಾಖೆಯ ಆಯುಕ್ತರಿಗೆ,

ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ರಕ್ತ ತೆಗೆಯುವುದು, ಮಿಷನ್ನಿನಲ್ಲಿ ತಿರುಗಿಸಿ ಸೀರಮ್ ಬೇರೆ ಮಾಡುವುದು, ಕಾರ್ಡಿನ ಮೇಲೆ ಹನಿ ಬಿಟ್ಟು ಗೆರೆ ಮೂಡುವುದನ್ನು ಕಾಯುವುದು, ಹದಿನೇಳು ವರ್ಷದಿಂದ ಇದೇ ಕೆಲಸ. ಮಳೆಗಾಲ ಶುರುವಾಯಿತೆಂದರೆ ಬೆಳಿಗ್ಗೆ ಏಳು ಗಂಟೆಗೇ ನಮ್ಮ ಬಾಗಿಲ ಮುಂದೆ ಜನ ನಿಂತಿರುತ್ತಾರೆ. ಕೊಡೆ ಮಡಚಿ ಗೋಡೆಗೆ ಒರಗಿಸಿ, ಶಾಲು ಹೊದ್ದು, ಬೆಂಚಿನ ಮೇಲೆ ಕೂತಿರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ. ಡೆಂಗ್ಯೂ ಹೌದಾ, ಅಲ್ವಾ?

ನಾನು ಈ ಪತ್ರ ಬರೆಯುತ್ತಿರುವುದು ಇನ್ನೊಂದು ಪ್ರಶ್ನೆಗಾಗಿ. ಅದನ್ನು ಯಾರೂ ಕೇಳುವುದಿಲ್ಲ. ನಾನು ನೋಡಿರುವ ಫಾರ್ಮುಗಳಲ್ಲಿ ಅದಕ್ಕೆ ಜಾಗ ಇಲ್ಲ, ಮಳೆಗಾಲದಲ್ಲಿ ಪೇಪರಿನಲ್ಲಿ ಬರುವ ಜಿಲ್ಲಾವಾರು ಲೆಕ್ಕದಲ್ಲೂ ಇಲ್ಲ. ಈ ವ್ಯಕ್ತಿಗೆ ಡೆಂಗ್ಯೂ ಬಂದಿರುವುದು ಮೊದಲ ಸಲವಾ, ಇಲ್ಲ ಹಿಂದೆ ಒಮ್ಮೆ ಬಂದು ಹೋಗಿ ಈಗ ಮತ್ತೆ ಬಂದಿದೆಯಾ? ರಕ್ತದಲ್ಲಿರುವ ಆ್ಯಂಟಿಬಾಡಿ, ಅಂದರೆ ಪ್ರತಿಕಾಯ ನೋಡಿ ಇದನ್ನು ಬಹುಮಟ್ಟಿಗೆ ಹೇಳಬಹುದು. ಅದಕ್ಕೆ ಬೇಕಾದ ಮಾಹಿತಿ ಎಷ್ಟೋ ಸಲ ನಮ್ಮ ಕೈಯಲ್ಲೇ ಇರುತ್ತದೆ. ಕಾರ್ಡಿನ ಮೇಲೆ ಗೆರೆಯಾಗಿ ಎದ್ದು ಕಾಣುತ್ತಿರುತ್ತದೆ. ನಾವು ಅದನ್ನು ಫೋಟೋ ತೆಗೆದು, ಕಾರ್ಡನ್ನು ಕಸದ ಹಳದಿ ಬಕೆಟ್ಟಿಗೆ ಹಾಕಿ, ಮುಂದಿನವರನ್ನು ಕರೆಯುತ್ತೇವೆ.

ನಮ್ಮಕ್ಕನ ಕತೆ ಹೇಳುತ್ತೇನೆ. 2024ರ ಜುಲೈ. ಅಕ್ಕ ಬೆಂಗಳೂರಿನಲ್ಲಿರುವುದು. ಮೂರು ದಿನದಿಂದ ಜ್ವರ, ಕಣ್ಣಿನ ಹಿಂದೆ ನೋವು, ಮೈಯೆಲ್ಲಾ ಜಜ್ಜಿದ ಹಾಗೆ. ನಾಲ್ಕನೇ ದಿನ ಟೆಸ್ಟ್ ಮಾಡಿಸಿ ರಿಪೋರ್ಟನ್ನು ನನಗೆ ವಾಟ್ಸಾಪ್ ಮಾಡಿ ಫೋನ್ ಮಾಡಿದಳು. "ಡೆಂಗ್ಯೂ ಅಲ್ವಂತೆ ಕಣೋ, ವೈರಲ್ ಫೀವರ್ ಅಂತೆ" ಎಂದಳು. ಧ್ವನಿಯಲ್ಲಿ ಸಮಾಧಾನ ಇತ್ತು. ನಾನು ರಿಪೋರ್ಟ್ ತೆರೆದು ನೋಡಿದೆ. ಎನ್‌ಎಸ್‌1 ನೆಗೆಟಿವ್. ಐಜಿಎಂ ನೆಗೆಟಿವ್. ಐಜಿಜಿ ಪಾಸಿಟಿವ್. (ಮೊದಲನೆಯದು ವೈರಸ್ಸಿನ ಪ್ರೋಟೀನ್, ಮಿಕ್ಕೆರಡು ಆ್ಯಂಟಿಬಾಡಿ, ಮುಂದೆ ಬಿಡಿಸಿ ಹೇಳುತ್ತೇನೆ.) ಆ ಮೂರನೇ ಸಾಲು ನೋಡಿ ನನಗೆ ಕಸಿವಿಸಿ ಆಯಿತು. ಡಾಕ್ಟರಿಗೆ ಇನ್ನೊಮ್ಮೆ ತೋರಿಸು ಎಂದೆ. "ತೋರಿಸಿದೆ, ಅದು ಹಳೇದಿರಬೇಕು ಅಂದ್ರು" ಎಂದಳು. ನಿನಗೆ ಹಿಂದೆ ಡೆಂಗ್ಯೂ ಬಂದಿತ್ತಾ ಎಂದು ಕೇಳಿದೆ. "ಇಲ್ವೋ, ನನಗೆ ಯಾವತ್ತೂ ಬಂದೇ ಇಲ್ಲ."

ಆರನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ಅಕ್ಕ ಎದ್ದು ಸ್ನಾನ ಮಾಡಿ ಸಾರು ಕಾಯಿಸಲು ನಿಂತಳಂತೆ. ಭಾವ ನೆಮ್ಮದಿಯಿಂದ ಆಫೀಸಿಗೆ ಹೊರಟರು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಬಿಪಿ ಇಳಿದಿತ್ತು. ನಾಲ್ಕು ದಿನ ಐಸಿಯುನಲ್ಲಿದ್ದಳು. ಉಳಿದುಕೊಂಡಳು, ಈಗ ಚೆನ್ನಾಗಿದ್ದಾಳೆ. ಆ ಎರಡು ದಿನ ಅವಳನ್ನು ಡೆಂಗ್ಯೂ ಎಂದೇ ಭಾವಿಸಿ ನೋಡಿಕೊಂಡಿದ್ದರೆ, ದಿನಾ ರಕ್ತ ಪರೀಕ್ಷೆ ಮಾಡಿಸಿ, ಜ್ವರ ಬಿಟ್ಟ ದಿನ ಹತ್ತಿರ ಯಾರಾದರೂ ಕೂತಿದ್ದಿದ್ದರೆ, ಐಸಿಯುವರೆಗೆ ಹೋಗುತ್ತಲೇ ಇರಲಿಲ್ಲವೇನೋ ಎಂದು ನನಗೆ ಇವತ್ತಿಗೂ ಅನಿಸುತ್ತದೆ. ಆ ಡಾಕ್ಟರನ್ನು ನಾನು ದೂರುವುದಿಲ್ಲ. ಆ ರಿಪೋರ್ಟಿನಲ್ಲಿ ಇದ್ದದ್ದು ಪಾಸಿಟಿವ್, ನೆಗೆಟಿವ್ ಎಂಬ ಎರಡೇ ಪದ. ಅದು ಜ್ವರದ ಎಷ್ಟನೇ ದಿನದ ರಕ್ತ ಅಂತಲೂ ಇರಲಿಲ್ಲ, ಐಜಿಜಿ ಎಷ್ಟು ಜೋರಾಗಿದೆ ಅಂತಲೂ ಇರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಇದನ್ನು ಓದುವ ಬೇರೆಯವರಿಗೂ ಅರ್ಥವಾಗಲಿ ಎಂದು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ನಿಮ್ಮ ಅಧಿಕಾರಿಗಳಿಗೆ ಇದೆಲ್ಲ ಗೊತ್ತಿದ್ದದ್ದೇ.

ಡೆಂಗ್ಯೂ ವೈರಸ್ ಒಂದಲ್ಲ, ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಆ ಬಗೆ ಸಾಮಾನ್ಯವಾಗಿ ಜನ್ಮಪೂರ್ತಿ ಮತ್ತೆ ಕಾಡುವುದಿಲ್ಲ. ಮಿಕ್ಕ ಮೂರರ ವಿರುದ್ಧ ಸಿಗುವ ರಕ್ಷಣೆ ಮಾತ್ರ ಸ್ವಲ್ಪ ಕಾಲದ್ದು. ಆಮೇಲೆ ಬೇರೆ ಬಗೆಯ ವೈರಸ್ ಒಳಗೆ ಬಂದರೆ ಹಳೇ ಆ್ಯಂಟಿಬಾಡಿಗಳು ಅದಕ್ಕೆ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಸಾಯಿಸುವಷ್ಟು ಶಕ್ತಿ ಅವಕ್ಕೆ ಇರುವುದಿಲ್ಲ. ಅಂಟಿಕೊಂಡೇ ವೈರಸ್ಸನ್ನು ನಮ್ಮ ಬಿಳಿ ರಕ್ತಕಣಗಳ ಒಳಗೆ ದಾಟಿಸಿಬಿಡುತ್ತವೆ. ಕಾವಲಿಗೆ ಇಟ್ಟವನೇ ಬಾಗಿಲು ತೆಗೆದುಕೊಟ್ಟ ಹಾಗೆ. ಎರಡನೇ ಸಲದ ಡೆಂಗ್ಯೂ ಜೋರಾಗುವ ಸಾಧ್ಯತೆ ಜಾಸ್ತಿ ಎನ್ನುವುದಕ್ಕೆ ಇದು ಒಂದು ಮುಖ್ಯ ಕಾರಣ. 1960ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳಲ್ಲಿ ಈ ಕಾಯಿಲೆ ನೋಡುತ್ತಿದ್ದ ಸ್ಕಾಟ್ ಹಾಲ್‌ಸ್ಟೆಡ್ ಎಂಬ ಅಮೆರಿಕದ ವೈದ್ಯ ವಿಜ್ಞಾನಿ ಇದನ್ನು ಗುರುತಿಸಿ, ಜೀವಮಾನವೆಲ್ಲ ಇದರ ಬೆನ್ನು ಹತ್ತಿದರು.

ಕ್ಯೂಬಾ ದೇಶದಲ್ಲಿ ಆದದ್ದು ಇದಕ್ಕೆ ದೊಡ್ಡ ಸಾಕ್ಷಿ. ಅಲ್ಲಿ 1977ರಲ್ಲಿ ಮೊದಲನೇ ಬಗೆಯ ಡೆಂಗ್ಯೂ ಹರಡಿತು. ಜನರಿಗೆ ಜ್ವರ ಬಂತು, ಹೋಯಿತು, ಅಂಥ ಅನಾಹುತ ಏನೂ ಆಗಲಿಲ್ಲ. 1981ರಲ್ಲಿ ಎರಡನೇ ಬಗೆ ಬಂತು. 3,44,203 ಜನರಿಗೆ ಕಾಯಿಲೆ, 158 ಸಾವು, ಅದರಲ್ಲಿ 101 ಮಕ್ಕಳು. ಇದಾಗಿ ಹದಿನಾರು ವರ್ಷಕ್ಕೆ, 1997ರಲ್ಲಿ, ಸ್ಯಾಂಟಿಯಾಗೊ ಎಂಬ ಅಲ್ಲಿನ ಊರಿಗೆ ಅದೇ ಎರಡನೇ ಬಗೆ ಮತ್ತೆ ಬಂತು. ಆಗ ಜೀವಕ್ಕೆ ಅಪಾಯ ಆದವರು ಮಕ್ಕಳಲ್ಲ, ದೊಡ್ಡವರು. ಯಾಕೆಂದರೆ ಮಕ್ಕಳಿಗೆ ಅದು ಮೊದಲ ಡೆಂಗ್ಯೂ. ದೊಡ್ಡವರ ರಕ್ತದಲ್ಲಿ ಇಪ್ಪತ್ತು ವರ್ಷದ ಹಿಂದಿನ ಮೊದಲನೇ ಬಗೆಯ ನೆನಪು ಉಳಿದಿತ್ತು. ಇಪ್ಪತ್ತು ವರ್ಷ! ನಾವು ಮರೆತುಬಿಟ್ಟಿರುತ್ತೇವೆ, ರಕ್ತ ಮರೆತಿರುವುದಿಲ್ಲ.

ಹಾಗಾದರೆ ರೋಗಿಯನ್ನೇ ಕೇಳಿದರೆ ಆಗದಾ, ಹಿಂದೆ ಬಂದಿತ್ತಾ ಅಂತ? ಆಗುವುದಿಲ್ಲ. ಡೆಂಗ್ಯೂ ಸೋಂಕು ತಗುಲಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಅಂಥ ಲಕ್ಷಣವೇ ಕಾಣುವುದಿಲ್ಲ. ಒಂದು ದಿನ ಮೈ ಬಿಸಿ, ಒಂದು ಕ್ರೋಸಿನ್, ಮಾರನೇ ದಿನ ಕೆಲಸಕ್ಕೆ. 2017-18ರಲ್ಲಿ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ದೇಶದ 15 ರಾಜ್ಯಗಳಲ್ಲಿ 5ರಿಂದ 45 ವರ್ಷದ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರ ರಕ್ತ ನೋಡಿತು. ಒಟ್ಟಾರೆ ಶೇಕಡಾ 48.7ರಷ್ಟು ಜನರಿಗೆ ಹಿಂದೆ ಡೆಂಗ್ಯೂ ಬಂದು ಹೋಗಿತ್ತು. ದಕ್ಷಿಣದಲ್ಲಿ ಅದು ಶೇಕಡಾ 76.9. ನಾಲ್ಕರಲ್ಲಿ ಮೂರು ಜನ! ಇವರಲ್ಲಿ ಎಷ್ಟು ಜನ "ನನಗೆ ಡೆಂಗ್ಯೂ ಬಂದಿತ್ತು" ಎಂದು ಹೇಳಿಯಾರು? ನಮ್ಮಕ್ಕನ ಹಾಗೆ, ಯಾವತ್ತೂ ಬಂದೇ ಇಲ್ಲ ಎನ್ನುವವರೇ ಜಾಸ್ತಿ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಗೊತ್ತಿಲ್ಲ, ಅಷ್ಟೇ. ಗೊತ್ತು ಮಾಡಿಸಬೇಕಾದವರು ಲ್ಯಾಬಿನವರು, ಅಂದರೆ ನಾವು.

ಇನ್ನು ಟೆಸ್ಟಿನ ವಿಷಯ. ಈ ಪತ್ರದ ತಿರುಳೇ ಇದು, ಆದ್ದರಿಂದ ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ಎನ್‌ಎಸ್‌1 ಎನ್ನುವುದು ವೈರಸ್ಸೇ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್. ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ, ಐದಾರು ದಿನದ ನಂತರ ಕಡಿಮೆಯಾಗುತ್ತದೆ. ಐಜಿಎಂ ಎಂದರೆ ಹೊಸ ಸೋಂಕಿಗೆ ದೇಹ ತಕ್ಷಣಕ್ಕೆ ತಯಾರಿಸುವ ಆ್ಯಂಟಿಬಾಡಿ. ನಾಲ್ಕೈದನೇ ದಿನಕ್ಕೆ ಕಾಣಿಸಿಕೊಳ್ಳಲು ಶುರುವಾಗುತ್ತದೆ, ಹತ್ತನೇ ದಿನದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲರಲ್ಲೂ ಇರುತ್ತದೆ, ಎರಡು ಮೂರು ತಿಂಗಳಲ್ಲಿ ಇಳಿದುಹೋಗುತ್ತದೆ. ಐಜಿಜಿ ನಿಧಾನಕ್ಕೆ ಬರುವುದು. ಮೊದಲ ಸಲದ ಡೆಂಗ್ಯೂನಲ್ಲಿ ಒಂದು ವಾರ ಕಳೆದ ಮೇಲೆ ಸಣ್ಣಗೆ ಶುರುವಾಗಿ, ಆಮೇಲೆ ವರ್ಷಗಟ್ಟಲೆ ಉಳಿಯುತ್ತದೆ.

ಎರಡನೇ ಸಲ ಈ ಲೆಕ್ಕವೆಲ್ಲ ತಿರುಗಿ ನಿಲ್ಲುತ್ತದೆ. ದೇಹಕ್ಕೆ ಆಗಲೇ ನೆನಪಿದೆ. ಆದ್ದರಿಂದ ಐಜಿಜಿ ಮೂರು ನಾಲ್ಕನೇ ದಿನಕ್ಕೇ ಭರ್ರೆಂದು ಏರುತ್ತದೆ, ಮೊದಲ ಸಲ ಕಾಣದಷ್ಟು ಎತ್ತರಕ್ಕೆ. ಐಜಿಎಂ ಕಡಿಮೆ ಬರುತ್ತದೆ, ಕೆಲವರಲ್ಲಿ ಟೆಸ್ಟಿಗೆ ಸಿಗುವಷ್ಟೂ ಬರುವುದಿಲ್ಲ. ಇನ್ನು ಎನ್‌ಎಸ್‌1. ಹಳೇ ಆ್ಯಂಟಿಬಾಡಿಗಳು ಅದನ್ನು ಮುತ್ತಿಕೊಂಡು ಮುಚ್ಚಿಬಿಡುವುದರಿಂದ ಕಿಟ್ಟಿನ ಕಣ್ಣಿಗೆ ಅದು ಎಷ್ಟೋ ಸಲ ಬೀಳುವುದೇ ಇಲ್ಲ. ಮೊದಲ ಸಲದವರಲ್ಲಿ ನೂರಕ್ಕೆ ತೊಂಬತ್ತರಷ್ಟು ಹಿಡಿಯುವ ಎನ್‌ಎಸ್‌1 ಟೆಸ್ಟ್, ಮತ್ತೆ ಬಂದವರಲ್ಲಿ ಅರವತ್ತರಿಂದ ಎಂಬತ್ತಕ್ಕೆ ಇಳಿಯುತ್ತದೆ.

ಇದರ ಅರ್ಥ ಏನು ನೋಡಿ. ಸರ್ಕಾರಿ ವ್ಯವಸ್ಥೆಯಲ್ಲಿ ಡೆಂಗ್ಯೂ ಎಂದು ಖಚಿತ ಮಾಡಲು ನಾವು ನೆಚ್ಚಿಕೊಂಡಿರುವುದು ಎರಡು ಟೆಸ್ಟ್, ಎನ್‌ಎಸ್‌1 ಎಲೈಸಾ ಮತ್ತು ಐಜಿಎಂ ಎಲೈಸಾ. ಎಲೈಸಾ ಎಂದರೆ ಕಾರ್ಡಿನ ಬದಲು ಪ್ಲೇಟಿನಲ್ಲಿ ಬಣ್ಣ ಬರಿಸಿ ಅಳೆಯುವ ಲ್ಯಾಬ್ ಪರೀಕ್ಷೆ. ಈ ಎರಡೂ ಕೈಕೊಡುವ ಸಾಧ್ಯತೆ ಜಾಸ್ತಿ ಇರುವುದು ಎರಡನೇ ಸಲ ಡೆಂಗ್ಯೂ ಬಂದವರಲ್ಲಿ. ಅಂದರೆ ಯಾರನ್ನು ಜಾಸ್ತಿ ಎಚ್ಚರದಿಂದ ನೋಡಿಕೊಳ್ಳಬೇಕೋ ಅವರಿಗೇ "ನಿಮಗೆ ಡೆಂಗ್ಯೂ ಇಲ್ಲ, ಮನೆಗೆ ಹೋಗಿ" ಎನ್ನುವ ಕಾಗದ ಸಿಗುವ ಸಂಭವ ಜಾಸ್ತಿ. ನಮ್ಮಕ್ಕನ ಕೈಗೆ ಸಿಕ್ಕಿದ್ದು ಅಂಥದ್ದೇ ಕಾಗದ.

ಇದಕ್ಕೆ ಉಪಾಯ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಐಜಿಎಂ ಮತ್ತು ಐಜಿಜಿ ಎರಡನ್ನೂ ಎಲೈಸಾದಲ್ಲಿ ಅಳೆದು ಐಜಿಎಂ ಅಳತೆಯನ್ನು ಐಜಿಜಿ ಅಳತೆಯಿಂದ ಭಾಗಿಸಿ ನೋಡುವುದು ಎಷ್ಟೋ ವರ್ಷದಿಂದ ಇರುವ ಪದ್ಧತಿ. 2009ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯಲ್ಲೇ ಇದೆ. ಸೀರಮ್ಮನ್ನು ನೂರು ಪಟ್ಟು ತೆಳು ಮಾಡಿ ನೋಡಿದಾಗ ಆ ಅನುಪಾತ 1.2ಕ್ಕಿಂತ ಜಾಸ್ತಿ ಇದ್ದರೆ ಮೊದಲ ಸಲದ್ದು, ಕಡಿಮೆ ಇದ್ದರೆ ಮತ್ತೆ ಬಂದದ್ದು. ಕಿಟ್ಟಿನಿಂದ ಕಿಟ್ಟಿಗೆ ಈ ಗಡಿ ಸ್ವಲ್ಪ ಆಚೀಚೆ ಆಗುತ್ತದೆ, ಅದಕ್ಕೇ ಯಾವ ಕಿಟ್, ಯಾವ ಗಡಿ ಎಂದು ರಾಜ್ಯಕ್ಕೆಲ್ಲ ಒಂದೇ ಸೂಚನೆ ಬೇಕು ಎನ್ನುವುದು.

ಇನ್ನೊಂದು ಬಗೆಯೂ ಇದೆ, ನನಗೆ ತುಂಬಾ ಇಷ್ಟವಾದದ್ದು. ಅವಿಡಿಟಿ ಟೆಸ್ಟ್ ಎನ್ನುತ್ತಾರೆ. ಆ್ಯಂಟಿಬಾಡಿ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿದೆ ಎಂದು ನೋಡುವುದು. ಪ್ಲೇಟಿನ ಗುಂಡಿಗಳಲ್ಲಿ ಐಜಿಜಿ ಅಂಟಿಕೊಂಡ ಮೇಲೆ ಒಂದು ಸಾಲಿಗೆ ಮಾಮೂಲಿ ದ್ರಾವಣ ಹಾಕಿ ತೊಳೆಯುತ್ತಾರೆ, ಇನ್ನೊಂದು ಸಾಲಿಗೆ ಯೂರಿಯಾ ಬೆರೆಸಿದ ದ್ರಾವಣ. ಹೊಸದಾಗಿ ಹುಟ್ಟಿದ ಐಜಿಜಿ ಯೂರಿಯಾ ತಾಗಿದ ತಕ್ಷಣ ಬಿಟ್ಟುಕೊಂಡು ಹೋಗುತ್ತದೆ, ಬಣ್ಣ ತೆಳುವಾಗುತ್ತದೆ. ಹಳೇ ಐಜಿಜಿ ಹಲಸಿನ ಮೇಣದ ಹಾಗೆ, ಎಷ್ಟು ತೊಳೆದರೂ ಬಿಡುವುದಿಲ್ಲ, ಬಣ್ಣ ಹಾಗೇ ಉಳಿಯುತ್ತದೆ. ಗರ್ಭಿಣಿಯರಲ್ಲಿ ರುಬೆಲ್ಲಾ, ಸಿಎಂವಿ ಎಂಬ ವೈರಸ್‌ಗಳ ಸೋಂಕು ಈಗ ಬಂದದ್ದಾ ಇಲ್ಲ ಮದುವೆಗೆ ಮುಂಚೆ ಯಾವಾಗಲೋ ಬಂದು ಹೋದದ್ದಾ ಎಂದು ತಿಳಿಯಲು ದೊಡ್ಡ ಲ್ಯಾಬುಗಳು ಈ ಪರೀಕ್ಷೆಯನ್ನು ಮಾಡುತ್ತವೆ. ಹೊಟ್ಟೆಯಲ್ಲಿರುವ ಮಗುವಿನ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ ಎಂದು ಒಪ್ಪಿದ್ದೇವೆ. ಡೆಂಗ್ಯೂ ಜ್ವರದಲ್ಲಿ ಮಲಗಿದವರ ವಿಷಯದಲ್ಲೂ ಒಪ್ಪಬೇಕು.

ಈಗ ನನ್ನ ಮಾತಿಗೆ ನಾನೇ ಎರಡು ಕಡಿವಾಣ ಹಾಕಬೇಕು. ಹಾಕದಿದ್ದರೆ ಈ ಪತ್ರ ಓದಿ ಯಾರಾದರೂ ತಪ್ಪು ತಿಳಿದು ತೊಂದರೆ ಮಾಡಿಕೊಂಡಾರು.

ಮೊದಲನೆಯದು, ಮೊದಲ ಸಲದ ಡೆಂಗ್ಯೂ ಎಂದರೆ ಭಯ ಇಲ್ಲ ಎಂದು ಖಂಡಿತ ಅಲ್ಲ. ನಮ್ಮ ದೇಶದ 619 ಮಕ್ಕಳನ್ನು ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ಬಂದ ಆ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಅದು ಮೊದಲ ಸಲದ ಸೋಂಕು. ತೀವ್ರವಾಗಿ ಕಾಯಿಲೆ ಬಿದ್ದವರಲ್ಲೂ ಅರ್ಧಕ್ಕಿಂತ ಜಾಸ್ತಿ ಮೊದಲ ಸಲದವರೇ. ತೀರಿಕೊಂಡ ಏಳು ಮಕ್ಕಳಲ್ಲಿ ಐದು ಮಕ್ಕಳಿಗೆ ಅದು ಮೊದಲನೇ ಡೆಂಗ್ಯೂ. ಪುಸ್ತಕದಲ್ಲಿ ಓದಿದ್ದಕ್ಕೆ ಹೊಂದದ ಈ ವಿಷಯ ಹೇಗೆ ಬೆಳಕಿಗೆ ಬಂತು ಗೊತ್ತಾ? ಆ ಸಂಶೋಧಕರು ಮಕ್ಕಳ ರಕ್ತದಲ್ಲಿ ಐಜಿಎಂ, ಐಜಿಜಿ ಅನುಪಾತ ನೋಡಿ, ಮೊದಲ ಸಲದ್ದಾ ಮತ್ತೆ ಬಂದದ್ದಾ ಎಂದು ವಿಂಗಡಿಸಿದ್ದರು. ವಿಂಗಡಿಸಿದ್ದಕ್ಕೇ ಗೊತ್ತಾಯಿತು. ಆಸ್ಪತ್ರೆ ಮೆಟ್ಟಿಲು ಹತ್ತದೆ ಮನೆಯಲ್ಲೇ ಗುಣವಾದ ಮಕ್ಕಳು ಆ ಲೆಕ್ಕದಲ್ಲಿ ಇಲ್ಲ, ಆದ್ದರಿಂದ ಎರಡನೇ ಸಲದ ಅಪಾಯ ಸುಳ್ಳು ಎಂದು ಅದರಿಂದ ಹೇಳಲು ಬರುವುದಿಲ್ಲ. ಆದರೆ ಕರ್ನಾಟಕದಲ್ಲಿ ಪರಿಸ್ಥಿತಿ ಹೇಗಿದೆ? 2024ರಲ್ಲಿ ನಮ್ಮ ರಾಜ್ಯದಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ ಡೆಂಗ್ಯೂ ಪ್ರಕರಣ ದಾಖಲಾದವು. ಅದರಲ್ಲಿ ಎಷ್ಟು ಮೊದಲ ಸಲದ್ದು, ಎಷ್ಟು ಮತ್ತೆ ಬಂದದ್ದು, ಸತ್ತವರಲ್ಲಿ ಯಾರು ಯಾವ ಗುಂಪಿನವರು ಎನ್ನುವ ಲೆಕ್ಕವನ್ನು ಜನರ ಮುಂದೆ ಇಡಿ ಎಂದು ಕೇಳುವುದು ದೊಡ್ಡ ಬೇಡಿಕೆಯಾ?

ಎರಡನೆಯದು, ಐಜಿಜಿ ಒಂದೇ ಪಾಸಿಟಿವ್ ಬಂದ ಮಾತ್ರಕ್ಕೆ ಈಗ ಡೆಂಗ್ಯೂ ಇದೆ ಎಂದು ಅಲ್ಲ. ನಾಲ್ಕರಲ್ಲಿ ಮೂರು ಜನಕ್ಕೆ ಹಳೇ ಐಜಿಜಿ ಇರುವ ನಾಡಿನಲ್ಲಿ, ಬರೀ ಆ ಗೆರೆ ತೋರಿಸಿ ಮಾಮೂಲಿ ನೆಗಡಿ ಜ್ವರದವರನ್ನೂ ಅಡ್ಮಿಟ್ ಮಾಡಿಕೊಂಡರೆ ಬಡವರ ಗತಿ ಏನು? ಹಾಗೆ ಆಗಿರುವುದನ್ನೂ ನಾನು ನೋಡಿದ್ದೇನೆ. ಕಿಟ್ಟುಗಳಲ್ಲೂ ವ್ಯತ್ಯಾಸ ಇದೆ. ಕೆಲವು ಕಿಟ್ಟುಗಳ ಐಜಿಜಿ ಗೆರೆ ಮೂಡುವುದು ಎರಡನೇ ಸಲ ಬಂದಾಗಿನಂತೆ ಐಜಿಜಿ ಎತ್ತರಕ್ಕೆ ಏರಿದ್ದರೆ ಮಾತ್ರ, ಹಾಗೆಂದೇ ಅವನ್ನು ಹೊಂದಿಸಿರುತ್ತಾರೆ. ಇನ್ನು ಕೆಲವು ಹತ್ತು ವರ್ಷದ ಹಿಂದಿನ ಚೂರು ನೆನಪಿಗೂ ಗೆರೆ ಮೂಡಿಸುತ್ತವೆ. ರಿಪೋರ್ಟಿನಲ್ಲಿ ಎರಡಕ್ಕೂ ಬರೆಯುವುದು ಒಂದೇ ಪದ, ಪಾಸಿಟಿವ್.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ತೊಡಕು ಬೇರೆ. ಡೆಂಗ್ಯೂ, ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರ ಮತ್ತು ನಮ್ಮ ಮಂಗನ ಕಾಯಿಲೆ, ಈ ಮೂರೂ ಒಂದೇ ವಂಶದ ವೈರಸ್ಸುಗಳು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಲ್ಲಿ ಎಷ್ಟೋ ಜನ ವರ್ಷಗಟ್ಟಲೆ ಅದರ ಲಸಿಕೆ ಹಾಕಿಸಿಕೊಂಡಿದ್ದಾರೆ. ಕೆಲವು ಜಿಲ್ಲೆಗಳಲ್ಲಿ ಮಕ್ಕಳಿಗೆ ಮೆದುಳು ಜ್ವರದ ಲಸಿಕೆ ಆಗಿದೆ. ಒಂದೇ ವಂಶದ್ದಾದ್ದರಿಂದ ಒಂದರ ಐಜಿಜಿ ಇನ್ನೊಂದರ ಟೆಸ್ಟಿನಲ್ಲಿ ಸಿಕ್ಕಿಬೀಳಬಹುದು. ಅಣ್ಣನನ್ನು ಕರೆದರೆ ತಮ್ಮ ಓ ಎಂದ ಹಾಗೆ. ಆದ್ದರಿಂದ ರೋಗಿಗೆ ಯಾವ ಲಸಿಕೆ ಆಗಿದೆ, ಯಾವ ಊರು, ಕಾಡಿಗೆ ಹೋಗುತ್ತಾರಾ ಎನ್ನುವುದು ಫಾರ್ಮಿನಲ್ಲಿ ಇರಲೇಬೇಕು. ಬೆಂಗಳೂರಿನಲ್ಲಿ ಕೂತು ತಯಾರಿಸುವ ಫಾರ್ಮಿನಲ್ಲಿ ಇದು ಬಿಟ್ಟುಹೋದರೆ ನಮ್ಮ ಕಡೆಯವರ ಲೆಕ್ಕ ತಪ್ಪುತ್ತದೆ.

ಫಾರ್ಮಿನ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಆ್ಯಂಟಿಬಾಡಿ ಟೆಸ್ಟ್ ಓದಲು ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಯಾವ ಮಿಷನ್ನೂ ಅಲ್ಲ, ಜ್ವರ ಶುರುವಾದ ದಿನ. ಮೂರನೇ ದಿನದ ನೆಗೆಟಿವ್ ಐಜಿಎಂಗೂ ಎಂಟನೇ ದಿನದ ನೆಗೆಟಿವ್ ಐಜಿಎಂಗೂ ಹಗಲು ರಾತ್ರಿ ವ್ಯತ್ಯಾಸ. ನನಗೆ ಬರುವ ಚೀಟಿಗಳಲ್ಲಿ ಆ ದಿನಾಂಕ ಬರೆದಿರುವುದು ಅಪರೂಪ. ನಾನೇ ಕೇಳುತ್ತೇನೆ. "ಮೊನ್ನೆಯಿಂದ" ಎನ್ನುತ್ತಾರೆ. ನಮ್ಮ ಕಡೆ ಮೊನ್ನೆ ಎಂದರೆ ಎರಡು ದಿನವೂ ಆಗಬಹುದು, ಒಂದು ವಾರವೂ ಆಗಬಹುದು. ಹೋದ ವರ್ಷ ಒಬ್ಬರು ಅಜ್ಜಿ ಬಂದಿದ್ದರು. ಎಷ್ಟು ದಿನವಾಯಿತು ಅಜ್ಜಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ತೋಟಕ್ಕೆ ಔಷಧಿ ಹೊಡೆಸಿದ್ವಲ್ಲ, ಅವತ್ತು ಸಂಜೆ ಚಳಿ ಹಿಡೀತು" ಎಂದರು. ಜೊತೆಗೆ ಬಂದಿದ್ದ ಮಗನನ್ನು ಕೇಳಿದೆ. ಅಡಿಕೆಗೆ ಔಷಧಿ ಹೊಡೆದವರಿಗೆ ಕೂಲಿ ಕೊಟ್ಟ ದಿನ ಅವನ ಮೊಬೈಲಿನಲ್ಲಿ ಇತ್ತು. ಲೆಕ್ಕ ಹಾಕಿದರೆ ಅವತ್ತಿಗೆ ಐದನೇ ದಿನ. ಎನ್‌ಎಸ್‌1 ಇಲ್ಲ, ಐಜಿಎಂ ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ಗೆರೆ, ಐಜಿಜಿ ಗೆರೆ ಮಾತ್ರ ಕುಂಕುಮ ಎಳೆದ ಹಾಗೆ. ಐದನೇ ದಿನಕ್ಕೆ ಐಜಿಜಿ ಇಷ್ಟು ಜೋರಾಗಿದ್ದರೆ ಮತ್ತೆ ಬಂದ ಡೆಂಗ್ಯೂ ಇರಬಹುದು ಎಂದು ಲ್ಯಾಬಿನ ಡಾಕ್ಟರಿಗೆ ತೋರಿಸಿದೆ. ಅವರು ಅಜ್ಜಿಯ ಡಾಕ್ಟರಿಗೆ ಫೋನ್ ಮಾಡಿದರು. ಅಜ್ಜಿಯನ್ನು ಮೂರು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಿದರು, ಗಾಬರಿ ಆಗುವಂಥದ್ದು ಏನೂ ಆಗದೆ ಮನೆಗೆ ಹೋದರು. ಇಷ್ಟಕ್ಕೆಲ್ಲ ಖರ್ಚಾದದ್ದು ಒಂದು ಕಾರ್ಡು, ಎರಡು ನಿಮಿಷದ ಮಾತು, ಒಂದು ಫೋನು.

ಖರ್ಚಿನ ಮಾತು ನೀವು ಎತ್ತುತ್ತೀರಿ, ಎತ್ತಬೇಕಾದದ್ದೇ. 2024ರ ಜುಲೈನಲ್ಲಿ ನಿಮ್ಮ ಇಲಾಖೆಯೇ ಖಾಸಗಿ ಲ್ಯಾಬುಗಳಿಗೆ ದರ ಕಟ್ಟಿತು. ಎನ್‌ಎಸ್‌1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ಎನ್‌ಎಸ್‌1, ಐಜಿಎಂ, ಐಜಿಜಿ ಮೂರೂ ನೋಡುವ ರ‍್ಯಾಪಿಡ್ ಕಾರ್ಡಿಗೆ 250. ಅದಕ್ಕೂ ಮುಂಚೆ ಬಾಯಿಗೆ ಬಂದ ದರ ಕೇಳುತ್ತಿದ್ದರು, ಜನಕ್ಕೆ ಆ ಆದೇಶದಿಂದ ನಿಜವಾಗಿಯೂ ಉಪಕಾರ ಆಯಿತು. ಸೆಪ್ಟೆಂಬರಿನಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ, ನೀರು ನಿಲ್ಲಿಸಿ ಸೊಳ್ಳೆ ಬೆಳೆಸುವವರಿಗೆ ದಂಡ ಹಾಕುವ ನಿಯಮವನ್ನೂ ತಂದಿರಿ. ಮನಸ್ಸು ಮಾಡಿದರೆ ಇಲಾಖೆಗೆ ಆಗುತ್ತದೆ ಎಂದು ಅದರಿಂದಲೇ ನನಗೆ ಧೈರ್ಯ ಬಂದದ್ದು. ಆ 250 ರೂಪಾಯಿಯ ಕಾರ್ಡಿನಲ್ಲಿ ಐಜಿಜಿ ಗೆರೆ ಆಗಲೇ ಇದೆ, ಜನ ಅದಕ್ಕೆ ದುಡ್ಡು ಕೊಟ್ಟಿದ್ದಾರೆ. ಕಾರ್ಡು ಕೊನೆಯ ಮಾತಲ್ಲ, ನಿಜ, ಎಲೈಸಾದಿಂದಲೇ ಖಚಿತ ಮಾಡಬೇಕು. ಹಾಗಾದರೆ ಐಜಿಜಿ ಎಲೈಸಾಗೂ ಒಂದು ದರ ಕಟ್ಟಿ. ಎಲ್ಲರಿಗೂ ಮಾಡಿ ಎಂದು ನಾನು ಕೇಳುತ್ತಿಲ್ಲ. ಆಸ್ಪತ್ರೆಗೆ ಸೇರಿದವರಿಗೆ, ಗರ್ಭಿಣಿಯರಿಗೆ, ಮತ್ತೆ ಮುಖ್ಯವಾಗಿ ಲಕ್ಷಣ ಪೂರ್ತಿ ಡೆಂಗ್ಯೂವಿನದ್ದಾಗಿದ್ದು ಎನ್‌ಎಸ್‌1, ಐಜಿಎಂ ಎರಡೂ ನೆಗೆಟಿವ್ ಬಂದವರಿಗೆ ಮಾಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಲೈಸಾ ಆಗುವುದಿಲ್ಲ, ಅಲ್ಲಿಂದ ಸೀರಮ್ ಜಿಲ್ಲೆಗೆ ಹೇಗೂ ಹೋಗುತ್ತದೆ. ಅದೇ ಟ್ಯೂಬಿನಿಂದ ಇನ್ನೊಂದು ಪ್ಲೇಟಿಗೆ ಹಾಕಿದರೆ ಆಯಿತು, ರೋಗಿಗೆ ಮತ್ತೊಮ್ಮೆ ಸೂಜಿ ಚುಚ್ಚಬೇಕಿಲ್ಲ.

ರಿಪೋರ್ಟಿನಲ್ಲಿ ಕನ್ನಡದಲ್ಲಿ ಒಂದು ಸಾಲು ಇರಲಿ. "ಜ್ವರದ ಇಷ್ಟನೇ ದಿನ ತೆಗೆದ ರಕ್ತ. ಮೊದಲ ಸಲದ ಸೋಂಕು ಇರಬಹುದು" ಅಥವಾ "ಹಿಂದೆ ಡೆಂಗ್ಯೂ ಬಂದಿದ್ದು ಈಗ ಮತ್ತೆ ಬಂದಿರಬಹುದು" ಅಥವಾ "ಈಗ ಹೇಳಲು ಬರುವುದಿಲ್ಲ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ರಕ್ತ ಕೊಡಿ." ಅದರ ಕೆಳಗೆ, ಯಾವ ಸಲದ್ದೇ ಆಗಲಿ, ಎಲ್ಲರಿಗೂ ಒಂದೇ ಎಚ್ಚರಿಕೆ. ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಅಪಾಯದ ದಿನ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಮೂಗಲ್ಲಿ ರಕ್ತ, ತುಂಬಾ ಸುಸ್ತು, ತಣ್ಣಗಾದ ಕೈಕಾಲು ಕಂಡರೆ ತಕ್ಷಣ ಆಸ್ಪತ್ರೆಗೆ ಬನ್ನಿ. ಬ್ರೂಫೆನ್, ಆಸ್ಪಿರಿನ್ ತಗೋಬೇಡಿ. ಜನ ಪ್ಲೇಟ್‌ಲೆಟ್ ಎಷ್ಟು ಎಂದು ಗಂಟೆಗೊಮ್ಮೆ ಕೇಳುತ್ತಾರೆ, ಪಪ್ಪಾಯಿ ಎಲೆ ಅರೆಯುತ್ತಾರೆ. ರಕ್ತ ಗಟ್ಟಿಯಾಗುತ್ತಿರುವುದನ್ನು ತೋರಿಸುವ ಹಿಮ್ಯಾಟೊಕ್ರಿಟ್ ಕಡೆಗೆ, ಜ್ವರ ಬಿಟ್ಟ ಆ ದಿನದ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ನಮ್ಮ ಭಾವನ ಗಮನವೂ ಹೋಗಲಿಲ್ಲ. ಯಾರಾದರೂ ಹೇಳಿದ್ದರೆ ಅವರು ಅವತ್ತು ಆಫೀಸಿಗೆ ಹೋಗುತ್ತಿರಲಿಲ್ಲ.

ಈ ಲೆಕ್ಕ ಬೇಕೆನ್ನಲು ಇನ್ನೊಂದು ಕಾರಣ ಇದೆ. ಲಸಿಕೆ. ಫಿಲಿಪೀನ್ಸ್ ದೇಶದಲ್ಲಿ 2016ರಲ್ಲಿ ಶಾಲೆಗಳಲ್ಲಿ ಡೆಂಗ್‌ವ್ಯಾಕ್ಸಿಯಾ ಎಂಬ ಲಸಿಕೆ ಹಾಕಲು ಶುರು ಮಾಡಿದರು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಹಾಕಿದ್ದೂ ಆಯಿತು. 2017ರ ನವೆಂಬರಿನಲ್ಲಿ ಕಂಪನಿಯೇ ಹೇಳಿತು, ಹಿಂದೆ ಡೆಂಗ್ಯೂ ಬಂದಿದ್ದವರಿಗೆ ಇದರಿಂದ ಒಳ್ಳೆಯದು, ಬರದೇ ಇದ್ದವರಿಗೆ ಮುಂದೆ ಡೆಂಗ್ಯೂ ಬಂದಾಗ ಕಾಯಿಲೆ ಜೋರಾಗುವ ಅಪಾಯ ಜಾಸ್ತಿ ಎಂದು. ಲಸಿಕೆಯೇ ಅವರ ದೇಹಕ್ಕೆ ಮೊದಲ ಡೆಂಗ್ಯೂವಿನ ಹಾಗೆ ಆಗಿತ್ತು. ಆ ಲಸಿಕೆಯ ಪ್ರಯೋಗದ ಕಾಲದಲ್ಲಿ ಎಲ್ಲ ಮಕ್ಕಳ ರಕ್ತವನ್ನೂ ಮುಂಚೆಯೇ ತೆಗೆದಿಟ್ಟಿರಲಿಲ್ಲ, ಒಂದು ಸಣ್ಣ ಭಾಗದವರದ್ದು ಮಾತ್ರ ಇತ್ತು. ಆಮೇಲೆ ಎನ್‌ಎಸ್‌1 ಪ್ರೋಟೀನಿನ ಮೇಲಿನ ಐಜಿಜಿ ನೋಡುವ ಒಂದು ಹೊಸ ಆ್ಯಂಟಿಬಾಡಿ ಟೆಸ್ಟ್ ಮಾಡಿಕೊಂಡು, ಲಸಿಕೆಗೆ ಮುಂಚೆ ಯಾರಿಗೆ ಡೆಂಗ್ಯೂ ಬಂದಿತ್ತು ಎಂದು ಹಿಂದಕ್ಕೆ ಲೆಕ್ಕ ಹಾಕಬೇಕಾಯಿತು. ಮುಂಚೆಯೇ ಆ ಪರೀಕ್ಷೆ ಆಗಿದ್ದರೆ ಅಷ್ಟು ಅಪ್ಪ ಅಮ್ಮಂದಿರು ಆ ಭಯ ಅನುಭವಿಸಬೇಕಾಗಿರಲಿಲ್ಲ. ಅಲ್ಲಿ ಜನ ಬೇರೆ ಲಸಿಕೆಗಳ ಮೇಲೂ ನಂಬಿಕೆ ಕಳೆದುಕೊಂಡರು.

ನಮ್ಮ ದೇಶದಲ್ಲೂ ಲಸಿಕೆ ತಯಾರಾಗುತ್ತಿದೆ. ಪ್ಯಾನೇಸಿಯಾ ಬಯೋಟೆಕ್ ಮತ್ತು ಐಸಿಎಂಆರ್ ಸೇರಿ ಡೆಂಗಿಆಲ್ ಎಂಬ ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು 2024ರ ಆಗಸ್ಟಿನಲ್ಲಿ ರೋಹ್ಟಕ್‌ನಿಂದ ಶುರು ಮಾಡಿದವು, 10,335 ದೊಡ್ಡವರ ಮೇಲೆ. ಅದು ಬೇರೆ ಲಸಿಕೆ, ನಾಲ್ಕೂ ಬಗೆಗೆ ಒಂದೇ ಡೋಸು. ಅದು ಚೆನ್ನಾಗಿ ಕೆಲಸ ಮಾಡಲಿ ಎಂದು ನಾನು ಮನಸಾರೆ ಹಾರೈಸುತ್ತೇನೆ. ಯಾವ ಲಸಿಕೆಯೇ ಬರಲಿ, ಯಾವ ಜಿಲ್ಲೆಯಲ್ಲಿ, ಯಾವ ವಯಸ್ಸಿನವರಲ್ಲಿ ಎಷ್ಟು ಜನಕ್ಕೆ ಡೆಂಗ್ಯೂ ಬಂದು ಹೋಗಿದೆ ಎಂಬ ಲೆಕ್ಕ ನಿಮ್ಮ ಮೇಜಿನ ಮೇಲೆ ಇದ್ದರೆ ಯಾರಿಗೆ ಮೊದಲು ಕೊಡಬೇಕು ಎನ್ನುವುದು ಸುಲಭ. ಆ ಲೆಕ್ಕವನ್ನು ಇವತ್ತು ದಿನಾ ನಮ್ಮ ಲ್ಯಾಬುಗಳು ಹಳದಿ ಬಕೆಟ್ಟಿಗೆ ಹಾಕುತ್ತಿವೆ.

ನಮ್ಮ ಲ್ಯಾಬಿನಲ್ಲಿ ಈ ವರ್ಷದಿಂದ ಡಾಕ್ಟರ ಒಪ್ಪಿಗೆ ತಗೊಂಡು ಒಂದು ರಬ್ಬರ್ ಸ್ಟಾಂಪ್ ಮಾಡಿಸಿದ್ದೇವೆ. "ಜ್ವರದ ____ನೇ ದಿನ" ಎಂದು ಇದೆ ಅದರಲ್ಲಿ. ಪ್ರತಿ ಡೆಂಗ್ಯೂ ರಿಪೋರ್ಟಿನ ಮೇಲೂ ಒತ್ತಿ, ಕೇಳಿ, ಪೆನ್ನಿನಲ್ಲಿ ತುಂಬುತ್ತೇನೆ. ಐಜಿಜಿ ಜೋರಾಗಿದ್ದರೆ ಡಾಕ್ಟರು ಪಕ್ಕದಲ್ಲಿ ಒಂದು ಸಾಲು ಬರೆಯುತ್ತಾರೆ. ಒಂದು ಊರಿನ ಒಂದು ಲ್ಯಾಬು ಮಾಡಬಹುದಾದದ್ದು ಇಷ್ಟು. ಮಿಕ್ಕದ್ದಕ್ಕೆ ನಿಮ್ಮ ಸುತ್ತೋಲೆ ಬೇಕು. ಅದು ಮಳೆ ಹಿಡಿಯುವ ಮುಂಚೆ, ಮೇ ತಿಂಗಳೊಳಗೆ ಬಂದರೆ ಕಿಟ್ ತರಿಸಿಕೊಳ್ಳಲು, ಹುಡುಗರಿಗೆ ಕಲಿಸಲು ನಮಗೆ ಸಮಯ ಸಿಗುತ್ತದೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಒಬ್ಬ ಲ್ಯಾಬ್ ಟೆಕ್ನಿಷಿಯನ್,
ಶಿವಮೊಗ್ಗ ಜಿಲ್ಲೆ